ನಿಲ್ಲಬೇಕಾದ ಮೇಜಿಗೆ ಎಂಥ ಗಾಲಿ?

ಪ್ರಶ್ನೆ: ನಾನು ಸಾಗರದವನು, ವಯಸ್ಸು 61. ನಿವೃತ್ತಿಯ ನಂತರ ಕಾರಿನ ಶೆಡ್ಡಿನಲ್ಲೇ ಮರಗೆಲಸ ಆರಂಭಿಸಿದ್ದೇನೆ. ಸಂಜೆ ಕಾರು ಒಳಗೆ ಬರಬೇಕಾದ್ದರಿಂದ ಎಲ್ಲವನ್ನೂ ದಿನವೂ ಪಕ್ಕಕ್ಕೆ ಸರಿಸಬೇಕು. ನೆಲ ಸಿಮೆಂಟಿನದು, ಗೇಟಿನ ಕಡೆಗೆ ತುಸು ಇಳಿಜಾರು, ಗೇಟಿನ ಬಳಿ ಒಂದು ಇಂಚು ಅಗಲದ ಕಬ್ಬಿಣದ ಹಳಿ. ಆರಡಿಯ ಸಾಗುವಾನಿ ಮೇಜಿಗೆ ಎರಡು ಇಂಚಿನ ನಾಲ್ಕು ಗಾಲಿ ಹಾಕಿಸಿದೆ. ಎರಡೇ ತಿಂಗಳಲ್ಲಿ ಒಂದು ಮುರಿಯಿತು. ಬ್ರೇಕ್ ಹಾಕಿದರೂ ಕೀಸುಳಿ ಹೊಡೆಯುವಾಗ ಮೇಜು ಅಲುಗಾಡುತ್ತದೆ. ಇದಕ್ಕೂ, 110 ಕಿಲೋ ತೂಕದ ಗರಗಸದ ಯಂತ್ರಕ್ಕೂ, ಉಪಕರಣಗಳ ಆರಡಿ ಎತ್ತರದ ಅಲ್ಮೆರಾಕ್ಕೂ ಯಾವ ಗಾಲಿ ಹಾಕಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಗಾಲಿ ಮುರಿಯಿತು ಎಂಬುದು ಒಂದು, ಮೇಜು ಅಲುಗಾಡುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪರಿಹಾರ ಅಂಗಡಿಯಲ್ಲಿ ಸಿಗುತ್ತದೆ. ಎರಡನೆಯದಕ್ಕೆ ಎಷ್ಟು ದುಬಾರಿ ಗಾಲಿ ತಂದರೂ ಪೂರ್ತಿ ಪರಿಹಾರ ಸಿಗುವುದಿಲ್ಲ. ನಾನು ಮೂವತ್ತು ವರ್ಷ ಕಾರ್ಖಾನೆಗಳಿಗೆ ಟ್ರಾಲಿ, ಮೇಜು, ಯಂತ್ರಗಳ ಪೀಠ ಮಾಡಿಕೊಟ್ಟವನು. ಬಂದವರೆಲ್ಲ ಕೇಳುತ್ತಿದ್ದುದು ಗಾಲಿ ಸಲೀಸಾಗಿ ಉರುಳುತ್ತದೆಯೇ ಎಂದು. ಆದರೆ ನಿಮ್ಮ ಮೇಜು ದಿನಕ್ಕೆ ಉರುಳುವುದು ಎರಡು ನಿಮಿಷ, ನಿಲ್ಲುವುದು ನಾಲ್ಕೈದು ಗಂಟೆ. ಆದ್ದರಿಂದ ಅದು ಹೇಗೆ ನಿಲ್ಲಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಹೇಗೆ ಉರುಳಬೇಕು ಎಂಬುದನ್ನು ಆಮೇಲೆ ನೋಡೋಣ.

ಬ್ರೇಕ್ ಹಾಕಿದ ಮೇಲೂ ಮೇಜು ಏಕೆ ಅಲುಗಾಡುತ್ತದೆ? ಸಾಮಾನ್ಯ ಬ್ರೇಕ್ ಹಿಡಿಯುವುದು ಚಕ್ರವನ್ನು ಮಾತ್ರ. ಚಕ್ರ ಉರುಳದಿದ್ದರೂ, ಅದನ್ನು ಹೊತ್ತ ಕವೆ ತನ್ನ ಗೂಟದ ಸುತ್ತ ತಿರುಗುತ್ತಲೇ ಇರುತ್ತದೆ. ನೀವು ಕೀಸುಳಿಯನ್ನು ಮುಂದಕ್ಕೆ ತಳ್ಳಿದಾಗ ನಾಲ್ಕೂ ಕವೆಗಳು ತುಸು ತುಸು ತಿರುಗಿ ಮೇಜು ಒಂದೆರಡು ಸೆಂಟಿಮೀಟರ್ ಓಲಾಡುತ್ತದೆ. ಇದಕ್ಕೆಂದೇ ಚಕ್ರ ಮತ್ತು ಕವೆ ಎರಡನ್ನೂ ಒಂದೇ ಪೆಡಲಿನಿಂದ ಹಿಡಿಯುವ ಗಾಲಿಗಳಿವೆ. ಅಂಗಡಿಯಲ್ಲಿ ಟೋಟಲ್ ಲಾಕ್ ಎಂದು ಕೇಳಿ. ಅವು ಖಂಡಿತ ಉತ್ತಮ. ಆದರೂ ಕವೆ ತಿರುಗುವ ತಲೆಯೊಳಗಿನ ಉಕ್ಕಿನ ಗುಂಡುಗಳ ನಡುವಿನ ಸಡಿಲು, ಅಚ್ಚಿನ ಸಡಿಲು, ರಬ್ಬರಿನ ಹೊದಿಕೆಯ ಬಾಗು, ಈ ಮೂರೂ ಉಳಿದೇ ಉಳಿಯುತ್ತವೆ. ಗರಗಸದ ಯಂತ್ರಕ್ಕೆ, ಡ್ರಿಲ್ಲಿಗೆ, ಅಂಟು ಹಾಕುವ ಮೇಜಿಗೆ ಅಷ್ಟು ಸಡಿಲು ಅಡ್ಡಿಯಿಲ್ಲ. ಕೀಸುಳಿ ಹೊಡೆಯುವ ಮೇಜಿಗೆ, ಉಳಿಯ ಮೇಲೆ ಕೊಡತಿ ಬೀಳುವ ಮೇಜಿಗೆ ಅದು ಸಲ್ಲದು. ನಿಮ್ಮೂರಿನ ಗುಡಿಗಾರರು ನೆಲದ ಮೇಲೆ ಕುಳಿತು ಗಂಧದ ಕೊರಡು ಕೆತ್ತುವುದನ್ನು ನೀವು ನೋಡಿರುತ್ತೀರಿ. ಕೈಯ ಬಲವೆಲ್ಲ ಉಳಿಯ ಬಾಯಿಗೆ ಹೋಗಬೇಕಾದರೆ ಕೆಳಗಿರುವುದು ಮಿಸುಕಬಾರದು.

ಆದ್ದರಿಂದ ಮೇಜಿನ ವಿಷಯದಲ್ಲಿ ನನ್ನ ಮಾತು ಸ್ಪಷ್ಟ: ಕೆಲಸದ ಹೊತ್ತಿನಲ್ಲಿ ಅದರ ಭಾರ ಮರದ ಕಾಲುಗಳ ಮೇಲೇ ಇರಲಿ, ಗಾಲಿಗಳು ನೆಲ ಮುಟ್ಟದಿರಲಿ. ಸರಿಸುವಾಗ ಮಾತ್ರ ಗಾಲಿಗಳು ಕೆಳಗಿಳಿದು ಮೇಜನ್ನು ಹತ್ತು ಹನ್ನೆರಡು ಮಿಲಿಮೀಟರ್ ಎತ್ತಿದರೆ ಸಾಕು. ಕಾಲಿನಿಂದ ಒತ್ತುವ ಸನ್ನೆಯಿರುವ ಇಂಥ ಗಾಲಿಗಳು ನಾಲ್ಕರ ಜೊತೆಯಾಗಿ ಸಿದ್ಧ ಸಿಗುತ್ತವೆ. ಕೊಳ್ಳುವ ಮುನ್ನ ಭಾರದ ಅಂಕಿಯನ್ನು ನೋಡಿ, ಏಕೆಂದರೆ ಇವುಗಳಲ್ಲಿ ಹಲವು ಹಗುರ ಮೇಜುಗಳಿಗೆ ಮಾಡಿದವು.

ಸಿದ್ಧವಾದದ್ದು ಸಿಗದಿದ್ದರೆ ನೀವೇ ಮಾಡಿಕೊಳ್ಳಬಹುದು, ನಾನು ಅದನ್ನೇ ಹೆಚ್ಚು ಇಷ್ಟಪಡುತ್ತೇನೆ. ಮೇಜಿನ ಎರಡೂ ತುದಿಗಳಲ್ಲಿ ಕಾಲುಗಳ ನಡುವಿನ ಅಡ್ಡಪಟ್ಟಿಗೆ ಗಟ್ಟಿಯಾದ ಬಾಗಿಲ ಕೀಲುಗಳಿಂದ ಒಂದೊಂದು ಹಲಗೆಯನ್ನು ಜೋಡಿಸಿ, ಹಲಗೆಯ ಅಡಿಗೆ ಎರಡೆರಡು ಗಾಲಿ ಹಾಕಿ. ಪಾದದಿಂದ ಹಲಗೆಯನ್ನು ಒತ್ತಿದಾಗ ಆ ತುದಿ ಮೇಲೇಳಬೇಕು, ಆಗ ಹಲಗೆಯ ಬೆನ್ನಿಗೆ ಮರದ ಒಂದು ಊರೆ ಬಂದು ಕೂರಬೇಕು. ಊರೆಗೆ ದಾರ ಕಟ್ಟಿ ಮೇಲಿನಿಂದ ಎಳೆದರೆ ಹಲಗೆ ಸಡಿಲಾಗಿ ಮೇಜು ಮತ್ತೆ ಕಾಲೂರುತ್ತದೆ. ಒಮ್ಮೆಗೆ ಒಂದೇ ತುದಿಯನ್ನು ಎತ್ತುವುದರಿಂದ ನಿಮ್ಮ ಪಾದದ ಕೆಳಗೆ ಬರುವುದು ಮೇಜಿನ ಅರ್ಧ ಭಾರ ಮಾತ್ರ. ಗಾಲಿಗಿಂತ ಪಾದ ಇಡುವ ಅಂಚು ಕೀಲಿನಿಂದ ದೂರವಿದ್ದಷ್ಟೂ ಆ ಭಾರ ಇನ್ನೂ ಹಗುರವಾಗುತ್ತದೆ. ಒಂದು ತುದಿಗೆ ಮಾತ್ರ ಗಾಲಿ ಹಾಕಿ ಇನ್ನೊಂದು ತುದಿಯನ್ನು ಕೈಗಾಡಿಯಂತೆ ಎತ್ತಿ ತಳ್ಳುವ ಪದ್ಧತಿಯೂ ಇದೆ. ನಿಮ್ಮ ವಯಸ್ಸಿನಲ್ಲಿ, ಅದೂ ದಿನವೂ ಮಾಡಬೇಕಾದ ಕೆಲಸದಲ್ಲಿ, ಬೆನ್ನಿಗೆ ಆ ಹೊರೆ ಬೇಡ. ಇನ್ನು ರಬ್ಬರ್ ಪಾದವನ್ನು ತಿರುಪಿನಿಂದ ಇಳಿಸುವ ಗಾಲಿಗಳೂ ಸಿಗುತ್ತವೆ. ನಿಲ್ಲುವ ಗುಣದಲ್ಲಿ ಅವು ಬಹಳ ಒಳ್ಳೆಯವು, ಆದರೆ ಬೆಳಗ್ಗೆ ನಾಲ್ಕು, ಸಂಜೆ ನಾಲ್ಕು ಸಲ ಬಗ್ಗಿ ತಿರುಪು ತಿರುಗಿಸುವುದನ್ನು ಹದಿನೈದು ದಿನದಲ್ಲಿ ಬಿಟ್ಟುಬಿಟ್ಟವರನ್ನೇ ನಾನು ಕಂಡಿರುವುದು.

ಈಗ ಮುರಿದ ಗಾಲಿಯ ವಿಷಯ. ಆರಡಿ ಉದ್ದ, ಎರಡಡಿ ಅಗಲ, ಮೂರು ಇಂಚು ದಪ್ಪದ ಸಾಗುವಾನಿ ಹಲಗೆಯೇ ಐವತ್ತು ಕಿಲೋ ದಾಟುತ್ತದೆ. ಕಾಲುಗಳನ್ನೂ ಅಡ್ಡಪಟ್ಟಿಗಳನ್ನೂ ಸೇರಿಸಿದರೆ 95, ಮರವನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸ್ 15, ಕೆಳಗಿನ ಡ್ರಾಯರಿನ ಉಪಕರಣಗಳು 40, ಮೇಲಿಟ್ಟ ಮರ 50. ಒಟ್ಟು 200. ಅದರ ಮೇಲೆ ನೀವು ಒರಗುವ ಭಾರವನ್ನು 50 ಎಂದಿಟ್ಟುಕೊಂಡರೆ 250 ಕಿಲೋ. ಇದನ್ನು ನಾಲ್ಕರಿಂದ ಭಾಗಿಸುವುದೇ ಎಲ್ಲರೂ ಮಾಡುವ ತಪ್ಪು. ಮೂರು ಕಲ್ಲಿನ ಒಲೆ ಯಾವ ನೆಲದ ಮೇಲಾದರೂ ಅಲುಗಾಡದೆ ಕೂರುತ್ತದೆ. ನಾಲ್ಕು ಕಾಲಿನದಕ್ಕೆ ಆ ಭಾಗ್ಯವಿಲ್ಲ. ನೆಲ ಎಲ್ಲೋ ಒಂದೆಡೆ ತಗ್ಗಿದ್ದರೆ ಒಂದು ಗಾಲಿ ತೇಲುತ್ತದೆ, ಭಾರವೆಲ್ಲ ಉಳಿದ ಗಾಲಿಗಳ ಮೇಲೆ ಬೀಳುತ್ತದೆ. ಆದ್ದರಿಂದ ಮೂರರಿಂದ ಭಾಗಿಸಿ: 83 ಕಿಲೋ. ಒಂದೊಂದು ಗಾಲಿಯೂ ಕನಿಷ್ಠ 100 ಕಿಲೋ ಹೊರುವಂತಿರಲಿ, 120 ಆದರೆ ನೆಮ್ಮದಿ. ಅಂಗಡಿಯ ಪೆಟ್ಟಿಗೆಯ ಮೇಲಿನ ಅಂಕಿ ಒಂದು ಗಾಲಿಯದೋ ನಾಲ್ಕರ ಜೊತೆಯದೋ ಎಂದು ಬಾಯಿಬಿಟ್ಟು ಕೇಳಿ. ನಾಲ್ಕಕ್ಕೂ ಸೇರಿ 200 ಎಂದು ಬರೆದದ್ದನ್ನು ಒಂದಕ್ಕೇ 200 ಎಂದು ತಿಳಿದು ಕೊಂಡವರು ಬಹಳ ಮಂದಿ. ಇನ್ನೊಂದು ಮಾತು. ಕಾರ್ಖಾನೆಯ ಗಾಲಿಗಳಿಗೆ ಈ ಅಂಕಿಯನ್ನು ಕೊಡುವುದು ಗಂಟೆಗೆ 4 ಕಿಲೋಮೀಟರ್, ಅಂದರೆ ನಡಿಗೆಯ ವೇಗದ ಲೆಕ್ಕಕ್ಕೆ. ಹಳಿಯ ಮೇಲೆ ಧಡ್ ಎಂದು ಬೀಳುವ ಪೆಟ್ಟಿಗೆ ಬೇರೆಯಾಗಿಯೇ ಜಾಗ ಬಿಟ್ಟಿರಬೇಕು.

ಗಾಲಿಯ ಗಾತ್ರವೂ ಲೆಕ್ಕದ ವಿಷಯವೇ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮರಗೆಲಸದ ನೆಲದಲ್ಲಿ 5 ಮಿಲಿಮೀಟರ್ ದಪ್ಪದ ಚೂರು ಎಲ್ಲೆಲ್ಲೂ ಬಿದ್ದಿರುತ್ತದೆ. ಗಾಲಿ ಅದನ್ನು ಹತ್ತಬೇಕಾದರೆ ಎಷ್ಟು ತಳ್ಳಬೇಕು? ಎರಡು ಇಂಚಿನ ಗಾಲಿಗೆ, ಅದರ ಮೇಲಿರುವ ಭಾರದ ಮುಕ್ಕಾಲು ಪಾಲಿನಷ್ಟು ಬಲ ಬೇಕು. ನಾಲ್ಕು ಇಂಚಿನದಕ್ಕೆ ಅರ್ಧಕ್ಕೂ ಕಡಿಮೆ ಸಾಕು. ಗಾಲಿಯ ಮೇಲೆ 60 ಕಿಲೋ ಇದ್ದರೆ ಮೊದಲನೆಯದಕ್ಕೆ 45, ಎರಡನೆಯದಕ್ಕೆ 29. ಐದು ಇಂಚಿಗೆ ಹೋದರೆ 26ಕ್ಕೆ ಇಳಿಯುತ್ತದೆ, ಅಷ್ಟೇ. ಎರಡರಿಂದ ನಾಲ್ಕಕ್ಕೆ ಹೋದಾಗ ಸಿಗುವ ಲಾಭ ದೊಡ್ಡದು, ನಾಲ್ಕರಿಂದ ಐದಕ್ಕೆ ಹೋದಾಗ ಸಿಗುವುದು ಚಿಕ್ಕದು. ಗೇಟಿನ ಹಳಿಯ ಸಂದಿನಲ್ಲೂ ಹೀಗೆಯೇ: ಒಂದು ಇಂಚಿನ ಸಂದಿಗೆ ಎರಡು ಇಂಚಿನ ಗಾಲಿ 3 ಮಿಲಿಮೀಟರಿಗಿಂತ ಹೆಚ್ಚು ಇಳಿದು ಸಿಕ್ಕಿಕೊಳ್ಳುತ್ತದೆ, ನಾಲ್ಕು ಇಂಚಿನದು ಅದರ ಅರ್ಧದಷ್ಟು ಮಾತ್ರ ಇಳಿದು ದಾಟುತ್ತದೆ. ಎಲ್ಲದಕ್ಕೂ ನಾಲ್ಕು ಇಂಚಿನದನ್ನೇ ತನ್ನಿ. ಹಳಿಯನ್ನು ದಾಟುವಾಗ ನೇರ ಅಡ್ಡಲಾಗಿ ದಾಟಿಸಿ. ಹಳಿಯ ಉದ್ದಕ್ಕೆ ತಿರುಗಿದ ಗಾಲಿ ಅದರೊಳಗೇ ಕುಸಿಯುತ್ತದೆ.

ಗಾಲಿಯ ಮೈ ಯಾವುದಿರಬೇಕು ಎಂಬುದಕ್ಕೆ ನೆಲ, ಹವೆ, ಕೆಲಸ ಈ ಮೂರೂ ಉತ್ತರ ಕೊಡಬೇಕು. ನೈಲಾನ್ ಗಟ್ಟಿ, ಅಗ್ಗ, ತಳ್ಳಲು ಹಗುರ. ಆದರೆ ಸಿಮೆಂಟಿನ ಮೇಲೆ ಗಡಗಡ ಸದ್ದು ಮಾಡುತ್ತದೆ, ಬ್ರೇಕ್ ಹಾಕಿದಾಗ ನುಣುಪು ನೆಲದಲ್ಲಿ ಜಾರುತ್ತದೆ. ಕಪ್ಪು ರಬ್ಬರ್ ಸದ್ದಿಲ್ಲದ್ದು, ನೆಲವನ್ನು ಹಿಡಿದು ನಿಲ್ಲುತ್ತದೆ. ಆದರೆ ಭಾರ ಹೊತ್ತು ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಅಡಿ ಚಪ್ಪಟೆಯಾಗುತ್ತದೆ, ಟೈಲ್ಸ್ ಇದ್ದರೆ ಕಪ್ಪು ಗೆರೆ ಬಿಡುತ್ತದೆ. ಎರಕದ ಕಬ್ಬಿಣದ ಗಾಲಿ ವೆಲ್ಡಿಂಗ್ ಶೆಡ್ಡಿಗೆ ಸರಿ, ಕಿಡಿ ಬಿದ್ದರೂ ಲೋಹದ ಚೂರು ಸಿಕ್ಕರೂ ಅದಕ್ಕೆ ಏನೂ ಆಗದು. ನಿಮ್ಮ ನೆಲವನ್ನು ಮಾತ್ರ ಅದು ಕೊರೆದುಬಿಡುತ್ತದೆ. ಉಳಿದದ್ದು ಪಾಲಿಯುರೆಥೇನ್. ಅಂಗಡಿಯಲ್ಲಿ ಪಿಯು ಎಂದರೆ ಸಾಕು. ಗಟ್ಟಿತನ, ಹಿಡಿತ, ಸದ್ದು ಎಲ್ಲದರಲ್ಲೂ ಅದು ನಡುವಿನ ದಾರಿ, ಬಯಲುಸೀಮೆಯವರು ಕೇಳಿದರೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ.

ನೀವು ಮಲೆನಾಡಿನವರಾದ್ದರಿಂದ ಒಂದು ಎಚ್ಚರಿಕೆ ಸೇರಿಸಬೇಕು. ಬಹಳ ದಿನ ಬಳಸದೆ ಇಟ್ಟ ಬೂಟಿನ ಅಡಿ ಒಂದು ದಿನ ಹಾಕಿಕೊಂಡಾಗ ಪುಡಿಪುಡಿಯಾಗಿ ಉದುರುವುದನ್ನು ನೀವು ಕಂಡಿರಬಹುದು. ಅದೂ ಪಾಲಿಯುರೆಥೇನೇ. ಅದರ ಪಾಲಿಯೆಸ್ಟರ್ ಬಗೆಯ ಬಂಧಗಳನ್ನು ಗಾಳಿಯ ತೇವ ನಿಧಾನವಾಗಿ ಕಡಿಯುತ್ತದೆ. ಸಾಗರದ ಮಳೆಗಾಲ ಆ ಕೆಲಸಕ್ಕೆ ಹೇಳಿ ಮಾಡಿಸಿದ ಹವೆ. ಪಾಲಿಯೀಥರ್ ಬಗೆಯದು ತೇವವನ್ನು ಹೆಚ್ಚು ತಡೆಯುತ್ತದೆ, ಒಳ್ಳೆಯ ಕಂಪನಿಯ ವಿವರಪಟ್ಟಿಯಲ್ಲಿ ಯಾವ ಬಗೆ ಎಂದು ಬರೆದಿರುತ್ತದೆ. ಬರೆದಿಲ್ಲದಿದ್ದರೆ ಬೂದು ಬಣ್ಣದ ಟಿಪಿಆರ್ ಗಾಲಿ ಕೊಳ್ಳಿ. ಅದು ಗುರುತು ಬಿಡದ ಕೃತಕ ರಬ್ಬರ್, ಆಸ್ಪತ್ರೆಯ ಟ್ರಾಲಿಗಳಲ್ಲಿ ಕಾಣುವಂಥದ್ದು. ಪಿಯುಗಿಂತ ಕಡಿಮೆ ಭಾರ ಹೊರುತ್ತದೆ, ಆದ್ದರಿಂದ ಅಂಕಿಯನ್ನು ಇನ್ನಷ್ಟು ಎಚ್ಚರದಿಂದ ನೋಡಿ.

ಬೇರಿಂಗ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮೇಜಿಗೆ ನೈಲಾನ್ ಬುಷ್, ಅಂದರೆ ಅಚ್ಚಿನ ಸುತ್ತ ಕೂರುವ ಬಳೆ, ಸಾಕು. ಯಂತ್ರಕ್ಕೆ ಬಾಲ್ ಬೇರಿಂಗ್ ಇರಲಿ, ಅದೂ ಎರಡೂ ಕಡೆ ರಬ್ಬರ್ ಮುಚ್ಚಳವಿರುವುದು. ಬೇರಿಂಗ್ ಮೇಲೆ 2ಆರ್‌ಎಸ್ ಎಂಬ ಗುರುತು ಇರುತ್ತದೆ. ತೆರೆದ ಬೇರಿಂಗಿನ ಗ್ರೀಸಿಗೆ ಮರದ ಹೊಟ್ಟು ಸೇರಿದರೆ ಅದು ಗಾರೆಯಂತೆ ಗಟ್ಟಿಯಾಗುತ್ತದೆ.

ಗರಗಸದ ಯಂತ್ರಕ್ಕೆ ಬರೋಣ. ಇದರ ಅಡಿಗೆ ನೇರವಾಗಿ ಗಾಲಿ ಹಾಕಬೇಡಿ. ನಾಲ್ಕು ಇಂಚಿನ ಗಾಲಿ ತನ್ನ ಕವೆ, ಮೇಲೆ ಬಿಗಿಯುವ ತಟ್ಟೆ ಸೇರಿ ಯಂತ್ರವನ್ನು ಐದು ಇಂಚಿನಷ್ಟು ಎತ್ತುತ್ತದೆ. ಸೊಂಟದ ಮಟ್ಟದಲ್ಲಿರಬೇಕಾದ ಗರಗಸ ಎದೆಯ ಕಡೆಗೆ ಬಂದರೆ ಹಲಗೆಯ ಮೇಲೆ ನಿಮ್ಮ ಹಿಡಿತ ತಪ್ಪುತ್ತದೆ. ಕಬ್ಬಿಣದ ಆಂಗಲ್‌ನಿಂದ ಒಂದು ಚೌಕಟ್ಟು ಮಾಡಿಸಿ, ಯಂತ್ರ ಅದರೊಳಗೆ ನೆಲದಿಂದ ಅರ್ಧ ಮುಕ್ಕಾಲು ಇಂಚಿನ ಎತ್ತರದಲ್ಲಿ ಕೂರಲಿ, ಗಾಲಿಗಳು ಚೌಕಟ್ಟಿನ ಹೊರಗೆ ಚಾಚಿದ ಕಿವಿಗಳ ಅಡಿಯಲ್ಲಿರಲಿ. ಇದರಿಂದ ಪೀಠವೂ ಅಗಲವಾಗುತ್ತದೆ. ಉದ್ದ ಹಲಗೆ ಕೊಯ್ದು ಮುಗಿಯುವಾಗ ಅದರ ಭಾರವೆಲ್ಲ ಯಂತ್ರದ ಹಿಂದಕ್ಕೆ ಜೋಲುತ್ತದೆ, ಆದ್ದರಿಂದ ಹಿಂಬದಿಯ ಚಾಚು ಮುಂದಿನದಕ್ಕಿಂತ ಹೆಚ್ಚಿರಲಿ.

ಇಲ್ಲಿ ಎರಡು ಸ್ಥಿರ ಗಾಲಿ, ಎರಡು ತಿರುಗುವ ಗಾಲಿ ಬೇಕು. ತಿರುಗುವುದನ್ನು ಅಂಗಡಿಯವರು ರಿವಾಲ್ವಿಂಗ್ ಎನ್ನುತ್ತಾರೆ. ನಾಲ್ಕೂ ಸ್ಥಿರವಾಗಿದ್ದರೆ ಅದು ನಮ್ಮ ಜಾತ್ರೆಯ ತೇರಿನಂತೆ: ನೇರ ಮಾತ್ರ ಹೋಗುತ್ತದೆ, ತಿರುಗಿಸಬೇಕಾದರೆ ಚಕ್ರಕ್ಕೆ ಮರದ ಅಡೆ ಕೊಟ್ಟು ಕೊಟ್ಟು ದಾರಿಗೆ ತರಬೇಕು. ನಾಲ್ಕೂ ತಿರುಗುವುದಾದರೆ ಇಕ್ಕಟ್ಟಿನಲ್ಲಿ ಪಕ್ಕಕ್ಕೂ ಸರಿಯುತ್ತದೆ, ಅದಕ್ಕೇ ಗೋಡೆಗೆ ಒತ್ತಬೇಕಾದ ನಿಮ್ಮ ಮೇಜಿಗೆ ನಾಲ್ಕೂ ತಿರುಗುವುದೇ ಇರಲಿ. ಆದರೆ ಇಳಿಜಾರಿನಲ್ಲಿ ಅದು ಹೇಳಿದ ಮಾತು ಕೇಳುವುದಿಲ್ಲ. ನಿಮ್ಮ ನೆಲ ಅರವತ್ತಕ್ಕೆ ಒಂದರಷ್ಟು ಇಳಿದಿದ್ದರೂ 200 ಕಿಲೋ ಮೇಜನ್ನು ಗೇಟಿನ ಕಡೆಗೆ ಸುಮಾರು ಮೂರು ಕಿಲೋ ಬಲ ಸದಾ ಎಳೆಯುತ್ತಿರುತ್ತದೆ, ಒಳ್ಳೆಯ ಗಾಲಿಗೆ ಹೊರಡಲು ಅಷ್ಟು ಸಾಕಾಗಬಹುದು. ಗಾಲಿಯ ಮೇಲೆ ಎತ್ತಿದ ಮೇಜನ್ನು ಕೈಬಿಟ್ಟು ಕಾರಿನ ಕೀಲಿ ತರಲು ಹೋಗಬೇಡಿ.

ಯಂತ್ರದ ಸ್ಥಿರ ಗಾಲಿಗಳನ್ನು ಯಾವ ದಿಕ್ಕಿಗೆ ಹಾಕುವುದು? ನೀವು ಹಲಗೆಯನ್ನು ಗರಗಸಕ್ಕೆ ತಳ್ಳುವ ದಿಕ್ಕಿಗೆ ಅವು ಉರುಳಬಾರದು. ಅಚ್ಚು ತಳ್ಳುವ ದಿಕ್ಕಿಗೆ ಸಮಾನಾಂತರವಾಗಿರಲಿ, ಆಗ ಯಂತ್ರ ಉರುಳುವುದು ಎಡಬಲಕ್ಕೆ ಮಾತ್ರ. ಸ್ಥಿರ ಗಾಲಿ ತನ್ನ ಮಗ್ಗುಲಿಗೆ ಸರಿಯಬೇಕಾದರೆ ನೆಲವನ್ನು ಉಜ್ಜಿಕೊಂಡೇ ಸರಿಯಬೇಕು, ಅದಕ್ಕೆ ಬ್ರೇಕಿನ ಅಗತ್ಯವೇ ಇಲ್ಲ. ಉಳಿದೆರಡಕ್ಕೆ ಟೋಟಲ್ ಲಾಕ್ ಹಾಕಿದರೆ ಆಯಿತು. ಈ ಒಂದು ಸಂಗತಿಯನ್ನು ನಾನು ಎಷ್ಟೋ ಯಂತ್ರ ಕೂರಿಸಿದ ಮೇಲೆ ಕಲಿತೆ. ನೀವು ಮೊದಲ ದಿನವೇ ಮಾಡಿಕೊಳ್ಳಿ. ಸರಿಸುವ ಮುನ್ನ ಪ್ಲಗ್ ಕಿತ್ತು ವೈರನ್ನು ಯಂತ್ರಕ್ಕೆ ಸುತ್ತಿಡಿ. ಭಾರದ ಗಾಲಿ ಹತ್ತಿದರೆ ವೈರಿನ ಹೊದಿಕೆ ಸೀಳುತ್ತದೆ, ಒದ್ದೆ ನೆಲದಲ್ಲಿ ಅದರ ಫಲ ಏನೆಂದು ಹೇಳಬೇಕಿಲ್ಲ.

ಅಲ್ಮೆರಾಕ್ಕೆ ಗಾಲಿ ಹಾಕಿಸಬೇಡಿ. ಏಕೆ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ ಎಂಬುದಕ್ಕೆ ಗಾಲಿಯ ಒಂದು ಗುಣ ತಿಳಿಯಬೇಕು. ತಿರುಗುವ ಗಾಲಿ ನೆಲ ಮುಟ್ಟುವ ಜಾಗ ಕವೆಯ ಗೂಟದ ನೇರ ಕೆಳಗಿರುವುದಿಲ್ಲ, ನಾಲ್ಕು ಸೆಂಟಿಮೀಟರಿನಷ್ಟು ಪಕ್ಕಕ್ಕಿರುತ್ತದೆ. ಆ ಓರೆಯಿಂದಲೇ ಅದು ತಳ್ಳಿದ ಕಡೆಗೆ ತಿರುಗಿಕೊಳ್ಳುವುದು. ಗಾಲಿಗಳು ಒಳಮುಖವಾಗಿ ತಿರುಗಿ ನಿಂತರೆ ನಿಮ್ಮ ಅಲ್ಮೆರಾದ ಪೀಠ ಆ ಬದಿಯಲ್ಲಿ ಅಷ್ಟು ಕಿರಿದಾಗುತ್ತದೆ. ಒಂದೂವರೆ ಅಡಿ ಆಳದ ಅಲ್ಮೆರಾದಲ್ಲಿ ಗಾಲಿಯ ಗೂಟ ಅಂಚಿನಿಂದ ಐದು ಸೆಂಟಿಮೀಟರ್ ಒಳಗಿರುತ್ತದೆ, ನೆಲದ ಸ್ಪರ್ಶ ಇನ್ನೂ ನಾಲ್ಕು ಒಳಗೆ. ನಡುವಿನಿಂದ ಉಳಿಯುವುದು 13.5 ಸೆಂಟಿಮೀಟರ್. ಒಟ್ಟು 150 ಕಿಲೋ ತೂಕವಿದ್ದರೆ, ಗಾಲಿ ಏನಕ್ಕಾದರೂ ಸಿಕ್ಕಿಕೊಂಡ ಹೊತ್ತಿನಲ್ಲಿ ನೆಲದಿಂದ 160 ಸೆಂಟಿಮೀಟರ್ ಎತ್ತರದಲ್ಲಿ ಹದಿಮೂರು ಕಿಲೋ ಬಲದಿಂದ ನೂಕಿದರೆ ಅದು ಮಗುಚುತ್ತದೆ. ಹದಿಮೂರು ಕಿಲೋ ಬಲವನ್ನು ಹತ್ತು ವರ್ಷದ ಮಗುವೂ ಹಾಕಬಲ್ಲದು.

ನನ್ನ ಶೆಡ್ಡಿನಲ್ಲೇ ಇದು ನಡೆದಿದೆ. ಡ್ರಿಲ್ ಬಿಟ್ಟುಗಳನ್ನೂ ಬೋಲ್ಟುಗಳನ್ನೂ ತುಂಬಿದ್ದ ಎತ್ತರದ ಕಪಾಟನ್ನು ನಾನೇ ಹಿಂದಿನಿಂದ ತಳ್ಳುತ್ತಿದ್ದೆ. ಮುಂದಿನ ಗಾಲಿಗೆ ಕೊಯ್ದ ಮರದ ತುಂಡೊಂದು ಅಡ್ಡ ಬಂತು. ಗಾಲಿ ನಿಂತಿತು, ಕಪಾಟು ನಿಲ್ಲಲಿಲ್ಲ. ಮುಂದೆ ದಾರಿ ಬಿಡಿಸುತ್ತಿದ್ದ ಹುಡುಗ ಅದೇ ಕ್ಷಣ ಪೊರಕೆ ತರಲು ಪಕ್ಕಕ್ಕೆ ಸರಿದಿದ್ದ. ಅವನು ಬದುಕಿದ್ದು ಆ ಪೊರಕೆಯಿಂದ. ಅಂದಿನಿಂದ ಸೊಂಟಕ್ಕಿಂತ ಎತ್ತರದ ಯಾವುದಕ್ಕೂ ನಾನು ಗಾಲಿ ಹಾಕಿಕೊಟ್ಟಿಲ್ಲ. ನಿಮ್ಮ ಅಲ್ಮೆರಾವನ್ನು ಗೋಡೆಗೆ ಬೋಲ್ಟಿನಿಂದ ಬಿಗಿಯಿರಿ. ದಿನವೂ ಬೇಕಾಗುವ ಉಪಕರಣಗಳಿಗೆ ಮೂರಡಿ ಎತ್ತರದ, ಎರಡಡಿ ಆಳದ ಒಂದು ಪುಟ್ಟ ಗಾಡಿ ಮಾಡಿಕೊಳ್ಳಿ, ಭಾರದ ಸಾಮಾನು ಕೆಳಗಿನ ಅಂಕಣದಲ್ಲಿರಲಿ. ಅದನ್ನು ನಿಲ್ಲಿಸುವಾಗ ಕೊನೆಯಲ್ಲಿ ತುಸು ನಿಮ್ಮಿಂದ ಆಚೆಗೆ ತಳ್ಳಿ, ನೀವು ನಿಲ್ಲುವ ಬದಿಯ ಗಾಲಿಗಳು ಹೊರಮುಖವಾಗಿ ತಿರುಗಿದ ಮೇಲೆ ಬ್ರೇಕ್ ಒತ್ತಿ. ಡ್ರಾಯರುಗಳನ್ನು ಎಳೆದಾಗ ಭಾರ ಜೋಲುವುದು ಆ ಬದಿಗೇ ಆದ್ದರಿಂದ ನಾಲ್ಕು ಸೆಂಟಿಮೀಟರ್ ಅಗಲದ ಪೀಠ ಪುಕ್ಕಟೆಯಾಗಿ ಸಿಕ್ಕಂತಾಯಿತು.

ಅಂಗಡಿಗೆ ಹೋದಾಗ ಗಾಲಿಯನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಶಿವಮೊಗ್ಗದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದು ಬೆಳಗ್ಗೆ ಕಳೆಯಿರಿ. ತಟ್ಟೆಯನ್ನು ಒಂದು ಕೈಯಲ್ಲಿ, ಚಕ್ರವನ್ನು ಇನ್ನೊಂದು ಕೈಯಲ್ಲಿ ಹಿಡಿದು ಅಲುಗಿಸಿ. ಹೊಸದರಲ್ಲೇ ಕಟಕಟ ಎಂದರೆ ಬಿಟ್ಟುಬಿಡಿ. ಬ್ರೇಕ್ ಒತ್ತಿ ಕವೆಯನ್ನು ತಿರುಗಿಸಲು ನೋಡಿ. ಕವೆಯ ತಗಡು ಎರಡೂವರೆ ಮಿಲಿಮೀಟರಿಗಿಂತ ತೆಳುವಿದ್ದರೆ ಭಾರಕ್ಕೆ ಬಾಗುತ್ತದೆ. ನಡುವಿನ ಗೂಟ ರಿವೆಟ್ ಬದಲು ನಟ್ ಬೋಲ್ಟಿನದಾದರೆ ಮುಂದೆ ಸಡಿಲಾದಾಗ ಬಿಗಿಯಬಹುದು. ಒಂದೇ ತಿರುಪಿನ ಕಡ್ಡಿಯಿಂದ ಕೂರುವ ಗಾಲಿ ಮರದ ಪೀಠೋಪಕರಣಕ್ಕೆ ಬೇಡ, ಮಗ್ಗುಲು ಪೆಟ್ಟಿಗೆ ಕಡ್ಡಿ ಬಾಗುತ್ತದೆ. ನಾಲ್ಕು ತೂತಿನ ತಟ್ಟೆಯಿರುವುದೇ ಬೇಕು.

ತಟ್ಟೆಯನ್ನು ಮರಕ್ಕೆ ಸ್ಕ್ರೂಗಳಿಂದ ಕೂರಿಸುವವರೇ ಹೆಚ್ಚು. ಕಾಲಿನ ತುದಿಯಲ್ಲಿ ಎಳೆಗಳು ಕಡಿದ ಮುಖಕ್ಕೆ ಹೊಡೆದ ಸ್ಕ್ರೂ ಕೆಲವೇ ತಿಂಗಳಲ್ಲಿ ಕಿತ್ತುಬರುತ್ತದೆ. ಅಡ್ಡಪಟ್ಟಿಗೆ ಆರಪಾರ ತೂತು ಕೊರೆದು 8 ಮಿಲಿಮೀಟರಿನ ಬೋಲ್ಟ್, ಮೇಲೆ ಅಗಲದ ವಾಷರ್, ನೈಲಾನ್ ಬಳೆಯಿರುವ ನಟ್ ಹಾಕಿ. ಕೊರೆಯುವ ಮುನ್ನ ಗಾಲಿಯನ್ನು ಸುತ್ತ ಒಂದು ಸುತ್ತು ತಿರುಗಿಸಿ, ಬ್ರೇಕಿನ ಪೆಡಲ್ ಕಾಲಿಗೆ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಯಂತ್ರದ ಕಬ್ಬಿಣದ ಚೌಕಟ್ಟಿಗೂ ಬೋಲ್ಟನ್ನೇ ಹಾಕಿಸಿ. ವೆಲ್ಡಿಂಗ್‌ನವರು ತಟ್ಟೆಯನ್ನು ನೇರವಾಗಿ ಬೆಸೆದುಕೊಡುತ್ತೇವೆ ಎಂದರೆ ಒಪ್ಪಬೇಡಿ. ತಟ್ಟೆಯ ಮೇಲಿನ ಸತುವಿನ ಲೇಪ ಸುಟ್ಟಾಗ ಏಳುವ ಹೊಗೆ ಉಸಿರಿಗೆ ಸೇರಿದರೆ ಬೆಸೆಯುವವನಿಗೆ ಚಳಿಜ್ವರ ಬರುತ್ತದೆ, ಗಾಲಿಯ ತಲೆಯೊಳಗಿನ ಗ್ರೀಸೂ ಸುಟ್ಟುಹೋಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಒಂದು ವಾರ ಬಿಟ್ಟು ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ, ಹೊಸ ಮರ ವಾಷರಿನ ಅಡಿ ತುಸು ಕುಗ್ಗಿರುತ್ತದೆ. ಆಮೇಲೆ ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ನೋಡಿದರೆ ಸಾಕು. ಆಗ ಅಚ್ಚಿಗೆ ಸುತ್ತಿಕೊಂಡ ಸೆಣಬಿನ ನೂಲು, ಪ್ಯಾಕಿಂಗ್ ಪಟ್ಟಿ, ಕೂದಲು ಎಲ್ಲವನ್ನೂ ಚಾಕುವಿನಿಂದ ಕತ್ತರಿಸಿ ತೆಗೆಯಿರಿ.